ಗಳಿಗೆ ಬಟ್ಟಲಿನಿಂದ ಬೆಳಕಿನ ಗಡಿಯಾರದವರೆಗೆ: ವಿಜಯಪುರ ಸೀಮೆಯ ಕಾಲಮಾನಗಳು ಮತ್ತು ಸೆಕೆಂಡಿನ ಪುನರ್ವ್ಯಾಖ್ಯೆ

ಮಾನವೊಂದರ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅದನ್ನು ಅಳೆಯುವ ಉಪಕರಣದ ಇತಿಹಾಸವನ್ನೇ ಬರೆಯುತ್ತಾರೆ. ಕಾಲಮಾನದ ವಿಷಯದಲ್ಲಿ ಈ ರೂಢಿ ಇನ್ನೂ ಬಲವಾಗಿದೆ. ನೆರಳಿನ ಕೋಲು, ನೀರಿನ ಬಟ್ಟಲು, ಲೋಲಕದ ಗಡಿಯಾರ, ಪರಮಾಣು ಗಡಿಯಾರ ಎಂಬ ಅನುಕ್ರಮವನ್ನು ಹೇಳಿ, ಒಂದಕ್ಕಿಂತ ಮುಂದಿನದು ಹೆಚ್ಚು ನಿಖರವೆಂದು ತೋರಿಸಿದರೆ ಚರಿತ್ರೆ ಮುಗಿಯಿತೆಂದು ಭಾವಿಸಲಾಗುತ್ತದೆ. ಆದರೆ ಪ್ರತಿಯೊಂದು ಮಾನಕ್ಕೂ ಮೂರು ಅಂಗಗಳಿವೆ: ಜನರ ಬಾಯಲ್ಲಿರುವ ಹೆಸರು, ಆ ಹೆಸರಿನ ಹಿಂದಿರುವ ಆಧಾರ, ಅದನ್ನು ಒಪ್ಪಿ ನಡೆಯುವ ಸಮುದಾಯ. ಈ ಮೂರೂ ಒಂದೇ ವೇಗದಲ್ಲಿ ಬದಲಾಗುವುದಿಲ್ಲ. ಹೆಸರು ಹಾಗೆಯೇ ಉಳಿದು ಆಧಾರ ಬದಲಾಗುವುದುಂಟು. ಆಧಾರ ಬದಲಾದುದು ಬಳಸುವವರ ಗಮನಕ್ಕೇ ಬಾರದಿರುವುದೂ ಉಂಟು.

ಈ ಪ್ರಶ್ನೆಗೆ ಇಂದು ಹೊಸ ಸಂದರ್ಭವೊಂದು ಒದಗಿದೆ. 2022ರ ನವೆಂಬರಿನಲ್ಲಿ ಫ್ರಾನ್ಸಿನಲ್ಲಿ ಸೇರಿದ್ದ ತೂಕ ಮತ್ತು ಅಳತೆಗಳ 27ನೆಯ ಮಹಾಸಮ್ಮೇಳನವು ಸೆಕೆಂಡಿನ ವ್ಯಾಖ್ಯೆಯನ್ನು ಬೆಳಕಿನ ಆವರ್ತನದ ಪರಮಾಣು ಗಡಿಯಾರಗಳ ಆಧಾರದ ಮೇಲೆ ಮರುರೂಪಿಸುವ ಸಿದ್ಧತೆಗೆ ಕರೆ ನೀಡಿತು. 2030ರ ಸಮ್ಮೇಳನದ ಮುಂದೆ ಅಂತಿಮ ಪ್ರಸ್ತಾವವನ್ನು ಇಡುವುದು ಇದರ ಗುರಿ. ಭೌತವಿಜ್ಞಾನಿಗಳ ವ್ಯವಹಾರವೆಂದು ತೋರುವ ಈ ನಿರ್ಣಯವನ್ನು ವಿಜಯಪುರ ನಗರ ಹಾಗೂ ಅದರ ಪಶ್ಚಿಮ ಮತ್ತು ದಕ್ಷಿಣಕ್ಕೆ ಹಬ್ಬಿದ ತಿಕೋಟಾ, ಬಬಲೇಶ್ವರ ಭಾಗಗಳ ಕಾಲಮಾನಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಶಾಸ್ತ್ರದ ಕಾಲ, ದರ್ಬಾರಿನ ಕಾಲ, ಹೊಲದ ಕಾಲ, ರೈಲಿನ ಕಾಲ ಇವು ನಾಲ್ಕೂ ಒಂದರ ಮೇಲೊಂದು ಪದರವಾಗಿ ಕೂತಿರುವ ಸೀಮೆಯಿದು. ಮಾನವೊಂದನ್ನು ಮರುವ್ಯಾಖ್ಯಾನಿಸುವುದೆಂದರೇನು ಎಂಬುದಕ್ಕೆ ಇಲ್ಲಿಯ ಭಾಷೆಯಲ್ಲಿಯೇ ಸಾಕಷ್ಟು ನಿದರ್ಶನಗಳು ದೊರೆಯುತ್ತವೆ.

1. ತಾಸು, ಗಳಿಗೆ, ಗಂಟೆ

ಹಳೆಯ ಮೈಸೂರಿನ ಭಾಗದಲ್ಲಿ ಅರವತ್ತು ನಿಮಿಷಗಳ ಅವಧಿಗೆ ‘ಗಂಟೆ’ ಎನ್ನುತ್ತಾರೆ. ವಿಜಯಪುರ ಸೀಮೆಯಲ್ಲಿ ಅದೇ ಅವಧಿಗೆ ‘ತಾಸು’ ಎಂಬ ಮಾತು ಬಳಕೆಯಲ್ಲಿದೆ. ಪಾರಸಿ ಮತ್ತು ಅರಬ್ಬಿಯಲ್ಲಿ ‘ತಾಸ್’ ಎಂದರೆ ಬಟ್ಟಲು. ನೀರಿನ ಮೇಲೆ ತೇಲಿಬಿಟ್ಟ ಬಟ್ಟಲು ತುಂಬಿ ಮುಳುಗುವುದನ್ನು ನೋಡಿ ಕಾಲವನ್ನು ಸಾರುವ ಪದ್ಧತಿಯಿಂದ ಈ ಪದ ಕಾಲವಾಚಕವಾಯಿತು. ಮರಾಠಿಯಲ್ಲಿ ಹೊತ್ತು ಸಾರಲು ಬಾರಿಸುವ ಲೋಹದ ತಟ್ಟೆಗೂ ಇದೇ ಹೆಸರಿದೆ. ‘ಗಳಿಗೆ’ಯು ಸಂಸ್ಕೃತದ ‘ಘಟಿಕಾ’ ಶಬ್ದದ ತದ್ಭವ. ಅದರ ಅರ್ಥ ಸಣ್ಣ ಗಡಿಗೆ. ‘ಗಡಿಯಾರ’ ಎಂಬ ಪದದಲ್ಲಿಯೂ ಘಟಿಕೆಯ ನಂಟು ಉಳಿದಿದೆ. ‘ಗಂಟೆ’ಯಂತೂ ಬಾರಿಸುವ ಗಂಟೆಯೇ.

ಮೂರು ಪದಗಳ ಮೂಲವೂ ಒಂದೊಂದು ಪಾತ್ರೆ ಅಥವಾ ವಾದ್ಯ ಎಂಬುದು ಇಲ್ಲಿ ಗಮನಾರ್ಹ. ಜನರು ಉಪಕರಣದ ಹೆಸರನ್ನು ಅವಧಿಗೆ ಕೊಟ್ಟರು. ಉಪಕರಣ ಕಣ್ಮರೆಯಾದ ಮೇಲೂ ಹೆಸರನ್ನು ಉಳಿಸಿಕೊಂಡರು. ಇಂದು ‘ಎರಡು ತಾಸಿನ ದಾರಿ’ ಎನ್ನುವವರ ಮನಸ್ಸಿನಲ್ಲಿ ಬಟ್ಟಲಿನ ಚಿತ್ರವಿಲ್ಲ. ಸೆಕೆಂಡ್ ಎಂಬ ಪದಕ್ಕೂ ಇದೇ ಗತಿ. ಗಂಟೆಯನ್ನು ಮೊದಲ ಸಲ ಅರವತ್ತಾಗಿ ಭಾಗಿಸಿದಾಗ ಬಂದದ್ದು ಮಿನಿಟು, ಎರಡನೆಯ ಸಲ ಭಾಗಿಸಿದಾಗ ಬಂದದ್ದು ಸೆಕೆಂಡು. ‘ಎರಡನೆಯದು’ ಎಂಬ ಲ್ಯಾಟಿನ್ ಅರ್ಥ ಇಂದು ಯಾರಿಗೂ ಬೇಕಾಗಿಲ್ಲ.

ಆದಿಲ್‌ಶಾಹಿಗಳ ರಾಜಧಾನಿಯಾಗಿದ್ದ ಕಾಲದಲ್ಲಿ ಈ ನಗರದ ಸಾರ್ವಜನಿಕ ಕಾಲವು ಕಣ್ಣಿಗಿಂತ ಕಿವಿಗೆ ಹೆಚ್ಚು ಸೇರಿದ್ದಾಗಿತ್ತು. ಮಸೀದಿಗಳ ಅಜಾನ್ ಸೂರ್ಯನ ನೆಲೆಯನ್ನೂ ನೆರಳಿನ ಉದ್ದವನ್ನೂ ಅನುಸರಿಸುತ್ತಿತ್ತು. ಗೋಲಗುಮ್ಮಟದ ಮುಂದಿರುವ, ಮುಂದೆ ವಸ್ತುಸಂಗ್ರಹಾಲಯವಾದ ನಗಾರಖಾನೆಯು ನಿಯತ ವೇಳೆಯಲ್ಲಿ ನೌಬತ್ತು ಬಾರಿಸುವ ಸಂಪ್ರದಾಯಕ್ಕೆ ಸೇರಿದ ಕಟ್ಟಡ. ಒಂದನೆಯ ಅಲಿ ಆದಿಲ್‌ಶಾಹನ ಕಾಲದಲ್ಲಿ, 1570ರಲ್ಲಿ ಸಿದ್ಧವಾದ ‘ನುಜೂಮ್ ಅಲ್ ಉಲೂಮ್’ ಎಂಬ ಸಚಿತ್ರ ಹಸ್ತಪ್ರತಿ ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಗ್ರಹ, ರಾಶಿ, ಶುಭವೇಳೆಗಳ ಬಗೆಗೆ ಈ ದರ್ಬಾರಿಗಿದ್ದ ಆಸ್ಥೆಯನ್ನು ಅದು ತೋರಿಸುತ್ತದೆ.

ಉತ್ತರ ಹಿಂದುಸ್ತಾನದ ಗಳಿಗೆಯ ವ್ಯವಸ್ಥೆಯನ್ನು ಬಾಬರನು ತನ್ನ ಆತ್ಮಕಥೆಯಲ್ಲಿ ವಿವರಿಸಿದ್ದಾನೆ. ತೂಗುಹಾಕಿದ ಹಿತ್ತಾಳೆಯ ತಟ್ಟೆ, ನೀರಿನ ಪಾತ್ರೆ, ಸರದಿಯ ಮೇಲೆ ಅದನ್ನು ಕಾಯುವ ಘಡಿಯಾಲಿಗಳು ಅವನ ಗಮನ ಸೆಳೆದಿದ್ದರು. ಗಳಿಗೆಯ ಉದ್ದ ಒಂದೇ ಆಗಿದ್ದರೂ ಹಗಲಿನ ನಾಲ್ಕು ಮತ್ತು ರಾತ್ರಿಯ ನಾಲ್ಕು ಜಾವಗಳಲ್ಲಿ ಸೇರುವ ಗಳಿಗೆಗಳ ಸಂಖ್ಯೆ ಋತುವಿಗೆ ತಕ್ಕಂತೆ ಬದಲಾಗುತ್ತಿತ್ತು. ಸ್ಥಿರವಾದ ಚಿಕ್ಕ ಮಾನವೊಂದನ್ನು, ಋತುವಿನೊಡನೆ ಹಿಗ್ಗಿ ಕುಗ್ಗುವ ದೊಡ್ಡ ಮಾನವೊಂದನ್ನು ಜನರು ಏಕಕಾಲಕ್ಕೆ ನಡೆಸಿಕೊಂಡು ಬಂದರು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

2. ಭಾಸ್ಕರಾಚಾರ್ಯನ ಮಾನಗಳು

ಶಾಸ್ತ್ರದ ಕಾಲವನ್ನು ಕುರಿತ ಚರ್ಚೆಯಲ್ಲಿ ಈ ಸೀಮೆಯ ಹೆಸರು ಎರಡನೆಯ ಭಾಸ್ಕರಾಚಾರ್ಯನೊಡನೆ ಸೇರಿಬರುತ್ತದೆ. ತಾನು ಶಕ 1036ರಲ್ಲಿ, ಎಂದರೆ ಕ್ರಿ.ಶ. 1114ರಲ್ಲಿ ಹುಟ್ಟಿ, ಮೂವತ್ತಾರನೆಯ ವಯಸ್ಸಿನಲ್ಲಿ ‘ಸಿದ್ಧಾಂತ ಶಿರೋಮಣಿ’ಯನ್ನು ರಚಿಸಿದುದಾಗಿ ಅವನೇ ಹೇಳಿಕೊಂಡಿದ್ದಾನೆ. ತನ್ನ ಊರು ಸಹ್ಯಪರ್ವತದ ಆಸರೆಯಲ್ಲಿರುವ ವಿಜ್ಜಡವಿಡ ಎಂದೂ ತಿಳಿಸಿದ್ದಾನೆ. ಈ ಊರನ್ನು ವಿಜಯಪುರವೆಂದು ಗುರುತಿಸಿದವರುಂಟು. ತಿಕೋಟಾ ಭಾಗದ ಬಿಜ್ಜರಗಿಯೆಂದು ಹೇಳುವವರೂ ಉಂಟು. ಮಹಾರಾಷ್ಟ್ರದ ಚಾಳೀಸಗಾಂವ ಸಮೀಪದ ಪಾಟಣೆಯಲ್ಲಿ ದೊರೆತ, ಅವನ ಮೊಮ್ಮಗ ಚಂಗದೇವನು ಹಾಕಿಸಿದ ಶಾಸನದ ಬಲದಿಂದ ಆ ಪ್ರದೇಶದ ಪರವಾಗಿ ವಾದಿಸುವವರು ಇನ್ನೊಂದು ಪಕ್ಷ. ವಿಜಯಪುರವು ಸಹ್ಯಾದ್ರಿಗೆ ಬಹುದೂರ ಎಂಬುದು ಮೊದಲ ಪಕ್ಷಕ್ಕೆ ತೊಡಕಾಗಿಯೇ ಉಳಿದಿದೆ. ಆದ್ದರಿಂದ ಹುಟ್ಟೂರಿನ ಪ್ರಶ್ನೆಯನ್ನು ಇತ್ಯರ್ಥವಾಗಿದೆಯೆಂದು ತಿಳಿಯುವುದು ಸರಿಯಲ್ಲ. ತಮ್ಮ ಊರಿಗೆ ಗಣಿತಜ್ಞನೊಬ್ಬನ ಹೆಸರನ್ನು ಬೆಸೆದುಕೊಂಡ ಸೀಮೆಯ ಸ್ಮೃತಿಯೂ ಅಧ್ಯಯನಯೋಗ್ಯ ವಿಷಯವೇ ಎಂಬುದನ್ನು ಮಾತ್ರ ಇಲ್ಲಿ ಗುರುತಿಸಬಹುದು.

ಭಾಸ್ಕರಾಚಾರ್ಯನು ಕಾಲವನ್ನು ಎರಡು ಸರಣಿಗಳಲ್ಲಿ ವಿಭಾಗಿಸುತ್ತಾನೆ. ಮೊದಲನೆಯದು ಕಣ್ಣಿನ ರೆಪ್ಪೆಯಿಂದ ಹೊರಡುತ್ತದೆ. ರೆಪ್ಪೆ ಮಿಟುಕುವ ಕಾಲ ನಿಮೇಷ. ಅದರ ಮೂವತ್ತನೆಯ ಒಂದು ಪಾಲು ತತ್ಪರ. ತತ್ಪರದ ನೂರನೆಯ ಒಂದು ಪಾಲು ತ್ರುಟಿ. ಮೇಲ್ಮುಖವಾಗಿ, ಹದಿನೆಂಟು ನಿಮೇಷಗಳಿಗೆ ಒಂದು ಕಾಷ್ಠಾ, ಮೂವತ್ತು ಕಾಷ್ಠೆಗಳಿಗೆ ಒಂದು ಕಲಾ, ಮೂವತ್ತು ಕಲೆಗಳಿಗೆ ಒಂದು ಘಟಿ, ಎರಡು ಘಟಿಗಳಿಗೆ ಒಂದು ಕ್ಷಣ, ಮೂವತ್ತು ಕ್ಷಣಗಳಿಗೆ ಒಂದು ದಿನ. ಲೆಕ್ಕ ಹಾಕಿದರೆ ನಿಮೇಷವು ಇಂದಿನ ಸೆಕೆಂಡಿನ ಸುಮಾರು ಹನ್ನೊಂದನೆಯ ಒಂದು ಪಾಲು; ತ್ರುಟಿಯು ಸೆಕೆಂಡಿನ ಸುಮಾರು 33,750ನೆಯ ಒಂದು ಪಾಲು. ಎರಡನೆಯ ಸರಣಿಯು ನಾಲಗೆಯಿಂದ ಹೊರಡುತ್ತದೆ. ಹತ್ತು ಗುರ್ವಕ್ಷರಗಳನ್ನು ಉಚ್ಚರಿಸುವ ಕಾಲ ಒಂದು ಅಸು, ಎಂದರೆ ಒಂದು ಉಸಿರು. ಆರು ಅಸುಗಳಿಗೆ ಒಂದು ಪಲ, ಅರವತ್ತು ಪಲಗಳಿಗೆ ಒಂದು ಘಟಿ. ಇದರಂತೆ ಒಂದು ಗುರುವಿನ ಉಚ್ಚಾರ ಸೆಕೆಂಡಿನ ಹತ್ತರಲ್ಲಿ ನಾಲ್ಕು ಭಾಗವಾಗುತ್ತದೆ. ಛಂದಸ್ಸಿನ ಮಾತ್ರಾಗಣನೆಯನ್ನು ಬಲ್ಲ ಕನ್ನಡಿಗನಿಗೆ ಈ ಆಧಾರ ಅಪರಿಚಿತವೇನಲ್ಲ.

ಇಲ್ಲಿ ಎರಡು ಸಂಗತಿಗಳನ್ನು ಒತ್ತಿಹೇಳಬೇಕಾಗಿದೆ. ಮೊದಲನೆಯದಾಗಿ, ಈ ಪದಗಳಲ್ಲಿ ಕೆಲವು ಇಂದಿಗೂ ಬಳಕೆಯಲ್ಲಿದ್ದರೂ ಅವುಗಳ ಪ್ರಮಾಣ ಪೂರ್ಣವಾಗಿ ಬದಲಾಗಿದೆ. ನಿಮೇಷದಿಂದ ಬಂದ ‘ನಿಮಿಷ’ ಇಂದು ಅರವತ್ತು ಸೆಕೆಂಡು; ಶಾಸ್ತ್ರದ ನಿಮೇಷಕ್ಕಿಂತ ಸುಮಾರು 675 ಪಟ್ಟು ದೊಡ್ಡದು. ಭಾಸ್ಕರನ ‘ಕ್ಷಣ’ ಸುಮಾರು 48 ನಿಮಿಷ. ಇಂದಿನ ಕ್ಷಣಕ್ಕೆ ಉದ್ದವೇ ಇಲ್ಲವೆನ್ನುವಷ್ಟು ಅದು ಕುಗ್ಗಿದೆ. ಒಂದು ಪದ ಹಿಗ್ಗಿತು, ಇನ್ನೊಂದು ಕುಗ್ಗಿತು. ಇವೆರಡೂ ಯಾವ ಸಮ್ಮೇಳನದ ನಿರ್ಣಯವೂ ಇಲ್ಲದೆ ನಡೆದ ಪುನರ್ವ್ಯಾಖ್ಯೆಗಳು.

ಎರಡನೆಯದು ಗಳಿಗೆ ಬಟ್ಟಲನ್ನು ಕುರಿತ ಅವನ ನಿಲುವು. ಹಿಂದಿನ ಕೆಲವು ಗ್ರಂಥಗಳು ಬಟ್ಟಲಿಗೆ ಬೇಕಾದ ತಾಮ್ರದ ತೂಕ, ಎತ್ತರ, ಅಗಲ, ತಳದ ರಂಧ್ರವನ್ನು ಕೊರೆಯುವ ಚಿನ್ನದ ಸೂಜಿಯ ತೂಕ ಮತ್ತು ಉದ್ದ ಎಲ್ಲವನ್ನೂ ವಿಧಿಸಿದ್ದವು. ಭಾಸ್ಕರಾಚಾರ್ಯನು ಅಂಥ ವಿಧಿಯನ್ನು ಯುಕ್ತಿಯಿಲ್ಲದ್ದು, ಸಾಧಿಸಲು ಕಷ್ಟವಾದದ್ದು ಎಂದು ಬದಿಗಿಟ್ಟನು. ಅರ್ಧ ಗಡಿಗೆಯ ಆಕಾರದ, ತಳದಲ್ಲಿ ರಂಧ್ರವುಳ್ಳ ತಾಮ್ರದ ಬಟ್ಟಲು ಯಾವುದಾದರೂ ಆಗಬಹುದು. ಅದು ಒಂದು ಅಹೋರಾತ್ರಿಯಲ್ಲಿ ಎಷ್ಟು ಸಲ ಮುಳುಗುವುದೆಂದು ಎಣಿಸಿ, ಅಹೋರಾತ್ರಿಯ ಅರವತ್ತು ಗಳಿಗೆಗಳನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಆ ಬಟ್ಟಲಿನ ಮಾನ ತಿಳಿಯುತ್ತದೆ ಎಂಬುದು ಅವನ ವಿಧಾನ. ಬಟ್ಟಲು ಪ್ರಮಾಣವಲ್ಲ, ಆಕಾಶದ ತಿರುಗಾಟವೇ ಪ್ರಮಾಣ. ಬಟ್ಟಲನ್ನು ಅದಕ್ಕೆ ತಾಳೆ ನೋಡಿ ಹೊಂದಿಸಿಕೊಳ್ಳಬೇಕು. ಮಾನದ ವ್ಯಾಖ್ಯೆಯನ್ನೂ ಅದನ್ನು ಕೈಗೆ ತರುವ ಸಾಧನವನ್ನೂ ಬೇರ್ಪಡಿಸುವ ಈ ವಿವೇಚನೆಯ ಮೇಲೆಯೇ ಆಧುನಿಕ ಮಾಪನಶಾಸ್ತ್ರವೂ ನಿಂತಿದೆ.

3. ಲೀಲಾವತಿಯ ಐತಿಹ್ಯ

ಗಳಿಗೆ ಬಟ್ಟಲನ್ನು ಜನಮನದಲ್ಲಿ ಉಳಿಸಿದ್ದು ಶಾಸ್ತ್ರವಲ್ಲ, ಒಂದು ಕಥೆ. ಭಾಸ್ಕರಾಚಾರ್ಯನ ಮಗಳು ಲೀಲಾವತಿಯ ಲಗ್ನಕ್ಕೆ ಒಂದೇ ಒಂದು ಶುಭಗಳಿಗೆಯಿತ್ತೆಂದೂ, ತಂದೆ ಅದನ್ನು ತಿಳಿಯಲು ನೀರಿನಲ್ಲಿ ಬಟ್ಟಲನ್ನು ತೇಲಿಬಿಟ್ಟನೆಂದೂ, ಕುತೂಹಲದಿಂದ ಬಗ್ಗಿ ನೋಡಿದ ಮಗಳ ಆಭರಣದಿಂದ ಮುತ್ತೊಂದು ಕಳಚಿ ಬಿದ್ದು ರಂಧ್ರವನ್ನು ಮುಚ್ಚಿತೆಂದೂ, ಬಟ್ಟಲು ಮುಳುಗದೆ ಮುಹೂರ್ತ ಮೀರಿತೆಂದೂ ಈ ಕಥೆ ಹೇಳುತ್ತದೆ. ಮಗಳ ಹೆಸರು ಶಾಶ್ವತವಾಗಲೆಂದು ತಂದೆ ಅವಳ ಹೆಸರಿನಲ್ಲಿ ಗ್ರಂಥ ಬರೆದನೆಂಬುದು ಅದರ ಮುಕ್ತಾಯ. ಸಂಸ್ಕೃತದ ‘ಲೀಲಾವತಿ’ಯಲ್ಲಿ ಈ ಪ್ರಸಂಗವಿಲ್ಲ. ಅಕ್ಬರನ ಆಸ್ಥಾನಕವಿ ಫೈಜಿ 1587ರಲ್ಲಿ ಮಾಡಿದ ಪಾರಸಿ ಅನುವಾದದ ಮುನ್ನುಡಿಯಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಮೂಲಕೃತಿಯಾಗಿ ನಾಲ್ಕುನೂರಕ್ಕೂ ಹೆಚ್ಚು ವರ್ಷಗಳ ಅನಂತರ ಲಿಖಿತರೂಪಕ್ಕೆ ಬಂದ ಕಥೆಯನ್ನು ಜೀವನಚರಿತ್ರೆಯ ಆಕರವಾಗಿ ಬಳಸಲಾಗದು.

ಆದರೆ ಐತಿಹ್ಯವೆಂದು ಓದಿದಾಗ ಅದರ ಒಳಗೊಂದು ತಿಳಿವಳಿಕೆ ಅಡಗಿರುವುದು ಕಾಣುತ್ತದೆ. ಕಥೆಯಲ್ಲಿ ಲೆಕ್ಕ ತಪ್ಪಿದ್ದಲ್ಲ. ಆಕಾಶವೂ ತಪ್ಪಲಿಲ್ಲ. ತಪ್ಪಿದ್ದು ಒಂದು ಬಟ್ಟಲು, ಅದರ ಪಕ್ಕದಲ್ಲಿ ಇನ್ನೊಂದು ಬಟ್ಟಲು ಇರಲಿಲ್ಲ. ಒಂಟಿ ಗಡಿಯಾರ ನಿಂತುದನ್ನು ಅದೇ ಗಡಿಯಾರ ಹೇಳಲಾರದು. ಇಂದು ಅಂತಾರಾಷ್ಟ್ರೀಯ ಪರಮಾಣು ಕಾಲವನ್ನು ಯಾವುದೇ ಒಂದು ಗಡಿಯಾರದಿಂದ ಪಡೆಯುವುದಿಲ್ಲ. ಜಗತ್ತಿನ ಸುಮಾರು ಎಂಬತ್ತು ಪ್ರಯೋಗಾಲಯಗಳ ನಾಲ್ಕುನೂರಕ್ಕೂ ಹೆಚ್ಚು ಗಡಿಯಾರಗಳ ಓದುಗಳನ್ನು ತೂಗಿ ಸರಾಸರಿ ತೆಗೆದು, ಪ್ಯಾರಿಸ್ ಬಳಿಯ ಅಂತಾರಾಷ್ಟ್ರೀಯ ತೂಕ ಮತ್ತು ಅಳತೆಗಳ ಬ್ಯೂರೋ ಅದನ್ನು ಪ್ರಕಟಿಸುತ್ತದೆ. ಮುತ್ತಿನ ಕಥೆ ಎಚ್ಚರಿಸುವ ಅಪಾಯಕ್ಕೆ ಮಾಪನಶಾಸ್ತ್ರ ಕಂಡುಕೊಂಡ ಪರಿಹಾರವಿದು.

4. ಹೊಲದ ಕಾಲ

ನಗರದಿಂದ ತಿಕೋಟಾ ಮತ್ತು ಬಬಲೇಶ್ವರದ ಕಡೆಗೆ ಬಂದರೆ ಕಾಲದ ಇನ್ನೊಂದು ಶಬ್ದಕೋಶ ತೆರೆಯುತ್ತದೆ. ಎರೆಮಣ್ಣಿನ ಜೋಳದ ಹೊಲಗಳ, ಈಚಿನ ದಶಕಗಳಲ್ಲಿ ದ್ರಾಕ್ಷಿತೋಟ ಮತ್ತು ಒಣದ್ರಾಕ್ಷಿಗೆ ಹೆಸರಾದ ಈ ಭಾಗದಲ್ಲಿ ‘ಹೊತ್ತು’ ಎಂಬುದು ಸೂರ್ಯನನ್ನೂ ಸಮಯವನ್ನೂ ಒಟ್ಟಿಗೆ ಹೇಳುವ ಪದ. ನಸುಕು, ಬೆಳ್ಳಿ ಮೂಡುವ ಹೊತ್ತು, ಕೋಳಿ ಕೂಗುವ ಹೊತ್ತು, ಬುತ್ತಿಯ ಹೊತ್ತು, ಇಳಿಹೊತ್ತು, ದನ ಮನೆಗೆ ಬರುವ ಹೊತ್ತು, ದೀಪ ಹಚ್ಚುವ ಹೊತ್ತು ಎಂಬಿವು ದಿನವನ್ನು ಕೆಲಸದಿಂದ ಗುರುತಿಸುತ್ತವೆ. ಹೊತ್ತು ಮಾರುದ್ದ ಏರಿತು ಎನ್ನುವಾಗ ಚಾಚಿದ ಎರಡು ತೋಳುಗಳ ಅಳತೆ ಆಕಾಶಕ್ಕೆ ಸಲ್ಲುತ್ತದೆ. ಕ್ಷಿತಿಜದಿಂದ ಸೂರ್ಯನಿರುವ ಎತ್ತರ ಕಾಲವಾಗಿ ಪರಿವರ್ತಿತವಾಗುತ್ತದೆ. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಎಂಬುದು ಚಿಕ್ಕ ಅವಧಿಯ ಮಾನ. ಬೀಸುವ ಕಲ್ಲಿನ ಪದಗಳು ಬೆಳಗಿನ ಜಾವದ ಹಾಡುಗಳಾಗಿದ್ದವು. ಹಿಟ್ಟಿನ ಗಿರಣಿ ಬಂದು ಬೀಸುವ ಕೆಲಸ ಮರೆಯಾದಾಗ ಹಾಡಿನೊಡನೆ ಆ ಜಾವದ ಗುರುತೂ ಮಸುಕಾಯಿತು.

ಇಂಥ ಮಾನಗಳನ್ನು ಸ್ಥೂಲವೆಂದು ತಳ್ಳಿಹಾಕುವುದು ಸುಲಭ. ಆದರೆ ಮಾನದ ಯೋಗ್ಯತೆಯನ್ನು ಅದು ಪೂರೈಸುವ ಉದ್ದೇಶದಿಂದ ನಿರ್ಣಯಿಸಬೇಕು. ದನ ಬಿಡುವ ಕೆಲಸಕ್ಕೆ ನಿಮಿಷದ ನಿಖರತೆ ಬೇಕಿಲ್ಲ, ಬೆಳಕು ಬೇಕು. ಕೆಲಸ ಬದಲಾದಂತೆ ಮಾನವೂ ಬದಲಾಗುತ್ತದೆ ಎಂಬುದಕ್ಕೂ ಇದೇ ಸೀಮೆ ಸಾಕ್ಷಿ. ಕೊಳವೆಬಾವಿಯ ಪಂಪಿಗೆ ಮೂರು ಫೇಜಿನ ಕರೆಂಟು ಬರುವ ತಾಸುಗಳು, ಕಾಲುವೆಯ ನೀರಿನ ಪಾಳಿ ಇವು ರೈತನನ್ನು ಗಡಿಯಾರಕ್ಕೆ ಕಟ್ಟಿಹಾಕಿವೆ. ನೀರನ್ನು ಹಂಚಿಕೊಳ್ಳುವಲ್ಲಿ ಒಬ್ಬನ ಗಡಿಯಾರ ಇನ್ನೊಬ್ಬನದಕ್ಕೆ ಹೊಂದಲೇಬೇಕು. ಹಂಚಿಕೆ ಬಂದಲ್ಲಿ ಸಮಾನ ಮಾನ ಬರುತ್ತದೆ.

ಹೊಲದ ಕಾಲದಲ್ಲಿ ಅತ್ಯಂತ ವ್ಯವಸ್ಥಿತವಾದದ್ದು ಮಳೆ ನಕ್ಷತ್ರಗಳ ಲೆಕ್ಕ. ರೋಹಿಣಿ, ಮಿರಗ ಎಂದು ಕರೆಯುವ ಮೃಗಶಿರಾ, ಆರಿದ್ರಾ ಮೊದಲಾಗಿ ಒಂದೊಂದು ಮಳೆಯ ಅವಧಿ ಹದಿಮೂರು ಹದಿನಾಲ್ಕು ದಿನ. ಸೂರ್ಯನು ಆ ನಕ್ಷತ್ರದಲ್ಲಿರುವ ಕಾಲವದು. ಮಿರಗ ಈಗ ಜೂನ್ 7 ಅಥವಾ 8ಕ್ಕೆ ಕೂಡುತ್ತದೆ. ಭೂಮಿಯ ಅಕ್ಷದ ನಿಧಾನವಾದ ತೊನೆದಾಟದಿಂದ ನಕ್ಷತ್ರಗಳ ವರ್ಷವೂ ಋತುಗಳ ವರ್ಷವೂ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಬೇರೆಯಾಗುತ್ತ ಹೋಗುತ್ತವೆ. ‘ಸಿದ್ಧಾಂತ ಶಿರೋಮಣಿ’ ರಚನೆಯಾದ 1150ರಿಂದ ಇಂದಿಗೆ ಈ ಅಂತರ ಸುಮಾರು ಹನ್ನೆರಡು ದಿನ. ಎಂದರೆ ಆ ಕಾಲದ ಮಿರಗವು ಋತುಮಾನದಲ್ಲಿ ಇಂದಿನದಕ್ಕಿಂತ ಹನ್ನೆರಡು ದಿನ ಮುಂಚೆ ಬರುತ್ತಿತ್ತು. ಹೆಸರು ಅದೇ, ನಕ್ಷತ್ರ ಅದೇ, ಬಿತ್ತನೆಗೆ ಅದು ಸೂಚಿಸುವ ದಿನ ಮಾತ್ರ ಸರಿದಿದೆ. ಆಕಾಶದ ಆಧಾರವೂ ಅಚಲವಲ್ಲ ಎಂಬ ಈ ಸತ್ಯವೇ ಇಪ್ಪತ್ತನೆಯ ಶತಮಾನದಲ್ಲಿ ಸೆಕೆಂಡಿನ ವ್ಯಾಖ್ಯೆಯನ್ನೂ ಅಲುಗಾಡಿಸಿತು. ಅದಕ್ಕೂ ಮೊದಲು ಈ ಸೀಮೆಗೆ ಇನ್ನೊಂದು ಬದಲಾವಣೆ ಹಳಿಗಳ ಮೇಲೆ ಬಂದಿತು.

5. ರೈಲು ತಂದ ಕಾಲ

1884ರಲ್ಲಿ ಸದರ್ನ್ ಮರಾಠಾ ರೈಲ್ವೆಯ ಹೋಟಗಿ–ಗದಗ ಮಾರ್ಗ ತೆರೆದಾಗ ಆಗಿನ ಬಿಜಾಪುರ ರೈಲಿನ ನಕ್ಷೆಗೆ ಸೇರಿತು. ನಗರದ ರೇಖಾಂಶ ಪೂರ್ವಕ್ಕೆ ಸುಮಾರು 75 ಡಿಗ್ರಿ 43 ಕಲೆ. ಆದ್ದರಿಂದ ಇಲ್ಲಿಯ ಸ್ಥಳೀಯ ಸರಾಸರಿ ಸೌರಕಾಲವು ಗ್ರೀನಿಚ್ಚಿಗಿಂತ 5 ತಾಸು 3 ನಿಮಿಷ ಮುಂದು. ಜಿಲ್ಲೆ ಸೇರಿದ್ದ ಮುಂಬಯಿ ಪ್ರಾಂತದ ರಾಜಧಾನಿಯ ಕಾಲ 4 ತಾಸು 51 ನಿಮಿಷ ಮುಂದು. ರೈಲ್ವೆಗಳು ಅನುಸರಿಸುತ್ತಿದ್ದ ಮದ್ರಾಸ್ ಕಾಲ 5 ತಾಸು 21 ನಿಮಿಷ ಮುಂದು. ಊರಿನ ಸೂರ್ಯನಿಗಿಂತ ರೈಲಿನ ಗಡಿಯಾರ 18 ನಿಮಿಷ ಮುಂದೆ, ಮುಂಬಯಿಯ ಗಡಿಯಾರ 12 ನಿಮಿಷ ಹಿಂದೆ. ಮುಂಬಯಿಯಲ್ಲಿ 1881ರಲ್ಲಿ ಮದ್ರಾಸ್ ಕಾಲವನ್ನು ಜಾರಿಗೆ ತರುವ ಸರ್ಕಾರದ ಯತ್ನಕ್ಕೆ ವಿರೋಧ ಬಂದು, 1883ರಲ್ಲಿ ಅದನ್ನು ಕೈಬಿಡಬೇಕಾಯಿತು.

1906ರ ಜನವರಿ 1ರಿಂದ 82 ಡಿಗ್ರಿ 30 ಕಲೆಯ ರೇಖಾಂಶವನ್ನು ಆಧರಿಸಿದ ಭಾರತೀಯ ಪ್ರಮಾಣಕಾಲ ಜಾರಿಗೆ ಬಂದಿತು. ಮುಂಬಯಿಗೆ ಅದು 39 ನಿಮಿಷಗಳ ಜಿಗಿತವಾಗಿತ್ತು. ಗಿರಣಿ ಕಾರ್ಮಿಕರಿಂದ ಮುನಿಸಿಪಾಲಿಟಿಯವರೆಗೆ ಪ್ರತಿಭಟನೆ ನಡೆದು, ನಗರದ ಒಂದು ಭಾಗ 1955ರವರೆಗೂ ಮುಂಬಯಿ ಕಾಲವನ್ನೇ ಹಿಡಿದುಕೊಂಡಿತು. ಬಿಜಾಪುರಕ್ಕೆ ಹೊಸ ಕಾಲ ಸೂರ್ಯನಿಗಿಂತ ಸುಮಾರು 27 ನಿಮಿಷ ಮುಂದಾಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ ಗಡಿಯಾರಗಳನ್ನು ಇನ್ನೂ ಒಂದು ತಾಸು ಮುಂದಿಟ್ಟಾಗ ಇಲ್ಲಿಯ ಸರಾಸರಿ ನಡುಹಗಲು ಒಂದೂವರೆ ತಾಸಿನ ಹತ್ತಿರ ಬೀಳುತ್ತಿತ್ತು. ಈ ಅಂತರವನ್ನು ಇಂದೂ ಕಣ್ಣಾರೆ ಕಾಣಬಹುದು. ನಗರವು 16 ಡಿಗ್ರಿ 50 ಕಲೆಯ ಅಕ್ಷಾಂಶದಲ್ಲಿರುವುದರಿಂದ ವರ್ಷಕ್ಕೆ ಎರಡು ಸಲ, ಮೇ ತಿಂಗಳ ಮೊದಲ ವಾರದ ಸುಮಾರಿಗೆ ಮತ್ತು ಆಗಸ್ಟಿನ ಮೊದಲ ವಾರದಲ್ಲಿ, ಸೂರ್ಯನು ನೆತ್ತಿಯ ಮೇಲೆ ಬಂದು ನೆಟ್ಟ ಕೋಲಿನ ನೆರಳು ಅಡಗುತ್ತದೆ. ಆಗ ಗಡಿಯಾರ ಹನ್ನೆರಡನ್ನು ತೋರಿಸುವುದಿಲ್ಲ. ಮೇ ತಿಂಗಳಲ್ಲಿ ಸುಮಾರು 12.24, ಆಗಸ್ಟಿನಲ್ಲಿ ಸುಮಾರು 12.33 ತೋರಿಸುತ್ತದೆ.

1906ರ ಬದಲಾವಣೆಯಲ್ಲಿ ಸೆಕೆಂಡಿನ ಉದ್ದ ಕೂದಲಷ್ಟೂ ಬದಲಾಗಲಿಲ್ಲ. ಎಣಿಕೆಯ ಆರಂಭಬಿಂದು ಮಾತ್ರ ಸರಿಯಿತು. ಆದರೂ ಜನರು ಪ್ರತಿಭಟಿಸಿದರು. ಏಕೆಂದರೆ ಅದು ಅವರ ನಡುಹಗಲನ್ನು ಮುಟ್ಟಿತು.

6. ಸೆಕೆಂಡಿನ ಆಧಾರಗಳು

ಸೆಕೆಂಡಿನ ಆಧಾರ ಮಾತ್ರ ಮೂರು ಬಾರಿ ಬೇರೆ ಬೇರೆ ನೆಲೆಗಳಲ್ಲಿ ನಿಂತಿದೆ. ಮೊದಲು ಅದು ಸರಾಸರಿ ಸೌರದಿನದ 86,400ನೆಯ ಒಂದು ಪಾಲಾಗಿತ್ತು. ಭೂಮಿಯ ಆವರ್ತನೆ ಏಕರೀತಿಯದಲ್ಲವೆಂದು ಖಚಿತವಾದಾಗ ವಿಜ್ಞಾನಿಗಳು ದಿನವನ್ನು ಬಿಟ್ಟು ವರ್ಷವನ್ನು ಹಿಡಿದರು. 1956ರಲ್ಲಿ ಪ್ರಸ್ತಾಪಿತವಾಗಿ 1960ರಲ್ಲಿ ಅಂಗೀಕೃತವಾದ ವ್ಯಾಖ್ಯೆಯಂತೆ 1900ರ ಆರಂಭಕ್ಕೆ ಲೆಕ್ಕಹಾಕಿದ ಸಾಯನ ವರ್ಷದ 31,556,925.9747ನೆಯ ಒಂದು ಪಾಲು ಸೆಕೆಂಡಾಯಿತು. ಅಷ್ಟರಲ್ಲಿ, 1955ರಲ್ಲಿ, ಇಂಗ್ಲೆಂಡಿನ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಲೂಯಿ ಎಸೆನ್ ಮತ್ತು ಜ್ಯಾಕ್ ಪ್ಯಾರಿ ಸೀಸಿಯಂ ಗಡಿಯಾರವನ್ನು ನಡೆಸಿದ್ದರು. 1967ರಲ್ಲಿ 13ನೆಯ ಮಹಾಸಮ್ಮೇಳನವು ಆಕಾಶವನ್ನು ಬಿಟ್ಟು ಪರಮಾಣುವನ್ನು ಆಧಾರವಾಗಿ ಸ್ವೀಕರಿಸಿತು. ಸೀಸಿಯಂ-133 ಪರಮಾಣುವಿನ ಎರಡು ಸೂಕ್ಷ್ಮ ಶಕ್ತಿಮಟ್ಟಗಳ ನಡುವಿನ ಸಂಕ್ರಮಣಕ್ಕೆ ಸಂಬಂಧಿಸಿದ ವಿಕಿರಣದ 9,192,631,770 ಆವರ್ತಗಳ ಅವಧಿಯೇ ಸೆಕೆಂಡು ಎಂದಾಯಿತು. ಈ ವಿಚಿತ್ರ ಸಂಖ್ಯೆಯನ್ನು ಆರಿಸಿಕೊಂಡುದಕ್ಕೆ ಕಾರಣ ಸರಳ. ಹಿಂದಿನ ಸೆಕೆಂಡಿನ ಉದ್ದವನ್ನೇ ಕಾಯ್ದುಕೊಳ್ಳುವುದು ಅದರ ಉದ್ದೇಶವಾಗಿತ್ತು.

ಸೀಸಿಯಂನ ಆವರ್ತನ ಸೂಕ್ಷ್ಮತರಂಗದ ವಲಯಕ್ಕೆ ಸೇರಿದ್ದು. ಬೆಳಕಿನ ಗಡಿಯಾರದಲ್ಲಿ ಎಣಿಸುವ ಆವರ್ತಗಳು ಅದಕ್ಕಿಂತ ಹಲವು ಸಾವಿರ ಪಟ್ಟು ಹೆಚ್ಚು. ಸ್ಟ್ರಾನ್ಷಿಯಂ ಪರಮಾಣುವಿನ ಬಳಕೆಯ ಸಂಕ್ರಮಣದಲ್ಲಿ ಸೆಕೆಂಡಿಗೆ ಸುಮಾರು 429 ಲಕ್ಷ ಕೋಟಿ ಆವರ್ತಗಳಿವೆ. ಒಂದೇ ಉದ್ದದ ಕೋಲಿನ ಮೇಲೆ ಗೆರೆಗಳು ಹೆಚ್ಚಿದಷ್ಟೂ ಅಳತೆ ಸೂಕ್ಷ್ಮವಾಗುತ್ತದೆ. ಇಷ್ಟು ವೇಗದ ಆವರ್ತಗಳನ್ನು ಎಣಿಸುವುದು ಬಹುಕಾಲ ಅಸಾಧ್ಯವಾಗಿತ್ತು. ಬೆಳಕಿನ ಆವರ್ತನವನ್ನು ವಿದ್ಯುನ್ಮಾನದ ಎಣಿಕೆಗೆ ಇಳಿಸಿಕೊಡುವ ‘ಆವರ್ತನ ಬಾಚಣಿಗೆ’ ಎಂಬ ಲೇಸರ್ ತಂತ್ರ ಇದನ್ನು ಸಾಧ್ಯವಾಗಿಸಿತು. ಇದಕ್ಕಾಗಿ ಜಾನ್ ಹಾಲ್ ಮತ್ತು ಥಿಯೋಡರ್ ಹೆನ್ಶ್ 2005ರ ನೊಬೆಲ್ ಪುರಸ್ಕಾರದಲ್ಲಿ ಪಾಲು ಪಡೆದರು. ಸಾವಿರಾರು ಪರಮಾಣುಗಳನ್ನು ಲೇಸರ್ ಬೆಳಕಿನ ಜಾಲರಿಯಲ್ಲಿ ಹಿಡಿದಿಡುವ ವಿಧಾನವನ್ನು ಜಪಾನಿನ ಹಿಡೆತೋಶಿ ಕತೋರಿ 2001ರಲ್ಲಿ ಸೂಚಿಸಿದ್ದರು. ಉತ್ತಮ ಸೀಸಿಯಂ ಗಡಿಯಾರ ಸುಮಾರು 30 ಕೋಟಿ ವರ್ಷಕ್ಕೆ ಒಂದು ಸೆಕೆಂಡು ತಪ್ಪಬಹುದು. ಶ್ರೇಷ್ಠ ಬೆಳಕಿನ ಗಡಿಯಾರವು ವಿಶ್ವದ ಆಯುಷ್ಯವಾದ ಸುಮಾರು 1,380 ಕೋಟಿ ವರ್ಷಗಳಲ್ಲಿಯೂ ಒಂದು ಸೆಕೆಂಡಿನಷ್ಟು ತಪ್ಪಲಾರದು.

ಈ ನಿಖರತೆ ಹೊಸ ತೊಡಕನ್ನೂ ತಂದಿದೆ. ಗುರುತ್ವ ಕಡಿಮೆಯಿರುವಲ್ಲಿ ಗಡಿಯಾರ ವೇಗವಾಗಿ ನಡೆಯುತ್ತದೆ; ಎತ್ತರದಲ್ಲಿ ಒಂದು ಸೆಂಟಿಮೀಟರಿನ ವ್ಯತ್ಯಾಸವೂ ಇಂಥ ಗಡಿಯಾರಗಳಿಗೆ ತಿಳಿಯುತ್ತದೆ. 2020ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಟೋಕಿಯೊದ ಸ್ಕೈಟ್ರೀ ಗೋಪುರದ 450 ಮೀಟರ್ ಎತ್ತರ ಮತ್ತು ಬುಡದಲ್ಲಿಟ್ಟ ಎರಡು ಬೆಳಕಿನ ಗಡಿಯಾರಗಳು ಈ ವ್ಯತ್ಯಾಸವನ್ನು ತೋರಿಸಿಕೊಟ್ಟವು. ಇದೇ ಲೆಕ್ಕವನ್ನು ಸುಮಾರು 51 ಮೀಟರ್ ಎತ್ತರದ ಗೋಲಗುಮ್ಮಟಕ್ಕೆ ಅನ್ವಯಿಸಿದರೆ, ಅದರ ನೆತ್ತಿಯ ಗಡಿಯಾರವು ಬುಡದ ಗಡಿಯಾರಕ್ಕಿಂತ ದಿನಕ್ಕೆ ಸೆಕೆಂಡಿನ ಸುಮಾರು ಇನ್ನೂರು ಕೋಟಿಯಲ್ಲಿ ಒಂದು ಪಾಲಿನಷ್ಟು ಮುಂದೆ ಹೋಗುತ್ತದೆ. ಬೆಳಕಿನ ಗಡಿಯಾರಕ್ಕೆ ಇದು ಸುಲಭವಾಗಿ ತಿಳಿಯುವ ಅಂತರ. ಕಾಲವನ್ನು ಹೇಳಬೇಕಾದರೆ ಸ್ಥಳದ ಎತ್ತರವನ್ನೂ ಹೇಳಬೇಕಾದ ನೆಲೆಗೆ ಮಾಪನಶಾಸ್ತ್ರ ಬಂದು ನಿಂತಿದೆ.

ಇಷ್ಟಾಗಿಯೂ ಪುನರ್ವ್ಯಾಖ್ಯೆ ತಡವಾಗುತ್ತಿರುವುದಕ್ಕೆ ನಿಖರತೆಯ ಕೊರತೆ ಕಾರಣವಲ್ಲ. ಸ್ಟ್ರಾನ್ಷಿಯಂ, ಇಟರ್ಬಿಯಂ, ಅಲ್ಯೂಮಿನಿಯಂ ಅಯಾನು ಮೊದಲಾಗಿ ಹಲವು ಅಭ್ಯರ್ಥಿಗಳಿವೆ. ಒಂದನ್ನೇ ಆರಿಸಬೇಕೋ, ಹಲವನ್ನು ತೂಗಿ ಸೇರಿಸಬೇಕೋ ಎಂಬುದು ಚರ್ಚೆಯ ವಿಷಯ. ಬೇರೆ ಬೇರೆ ಪ್ರಯೋಗಾಲಯಗಳ ಗಡಿಯಾರಗಳು ಪರಸ್ಪರ ತಾಳೆಯಾಗಬೇಕು, ಅಂತಾರಾಷ್ಟ್ರೀಯ ಕಾಲಗಣನೆಗೆ ಅವು ಕ್ರಮವಾಗಿ ಕೊಡುಗೆ ನೀಡುತ್ತಿರಬೇಕು, ಹೊಸ ಸೆಕೆಂಡು ಹಳೆಯದರೊಡನೆ ಅವಿಚ್ಛಿನ್ನವಾಗಿರಬೇಕು ಎಂಬ ಷರತ್ತುಗಳಿವೆ. ಭಾರತದಲ್ಲಿ ಪ್ರಮಾಣಕಾಲದ ಹೊಣೆ ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. ಪುಣೆಯ ಐಯುಕಾ ಸಂಸ್ಥೆಯಲ್ಲಿ ಇಟರ್ಬಿಯಂ ಅಯಾನಿನ ಬೆಳಕಿನ ಗಡಿಯಾರವನ್ನು ರೂಪಿಸುವ ಕೆಲಸ ನಡೆದಿದೆ. ಕರ್ನಾಟಕದಲ್ಲಿ ಬೆಂಗಳೂರು ಸಮೀಪದ ಬ್ಯಾಲಾಳುವಿನ ಇಸ್ರೋ ಕೇಂದ್ರವು ನಾವಿಕ್ ಉಪಗ್ರಹಗಳ ಕಾಲವನ್ನು ನಿರ್ವಹಿಸುತ್ತದೆ.

2022ರ ಸಮ್ಮೇಳನ ಇನ್ನೊಂದು ನಿರ್ಣಯವನ್ನೂ ಕೈಗೊಂಡಿತು. ಪರಮಾಣು ಕಾಲವನ್ನು ಭೂಮಿಯ ಆವರ್ತನೆಗೆ ಹೊಂದಿಸಲು 1972ರಿಂದ 27 ಅಧಿಕ ಸೆಕೆಂಡುಗಳನ್ನು ಸೇರಿಸಲಾಗಿತ್ತು. ಕೊನೆಯದು ಭಾರತದ ಕಾಲದಂತೆ 2017ರ ಜನವರಿ 1ರ ಬೆಳಗಿನ ಐದೂವರೆಗೆ, ವಿಜಯಪುರದಲ್ಲಿ ಇನ್ನೂ ನಸುಕಿರುವಾಗ, ಸೇರಿತು. ಗಡಿಯಾರಕ್ಕೂ ಭೂಮಿಗೂ ನಡುವೆ ಬಿಡಬಹುದಾದ ಅಂತರವನ್ನು 2035ರೊಳಗೆ ಹಿಗ್ಗಿಸಿ, ಹೀಗೆ ಸೆಕೆಂಡು ಸೇರಿಸುವ ಪದ್ಧತಿಯನ್ನು ದೀರ್ಘಕಾಲ ನಿಲ್ಲಿಸಲು ಸಮ್ಮೇಳನ ತೀರ್ಮಾನಿಸಿತು. ಸೆಕೆಂಡಿನ ಪುನರ್ವ್ಯಾಖ್ಯೆ ಯಾರ ನಡುಹಗಲನ್ನೂ ಮುಟ್ಟದು. ಈ ಎರಡನೆಯ ನಿರ್ಣಯ ಗಡಿಯಾರವನ್ನು ಸೂರ್ಯನಿಂದ ಬಹು ನಿಧಾನವಾಗಿ ಬಿಡಿಸುತ್ತದೆ. ಎರಡನ್ನೂ ಒಂದೇ ಎಂದು ಗೊಂದಲಿಸಬಾರದು.

7. ಸಂಶೋಧನೆಯ ಹೊಣೆ

ಮೇಲಿನ ವಿವೇಚನೆಯಿಂದ ಒಂದು ತೀರ್ಮಾನಕ್ಕೆ ಬರಬಹುದು. ಮಾನದ ಪುನರ್ವ್ಯಾಖ್ಯೆ ಎರಡು ಬಗೆಯಲ್ಲಿ ನಡೆಯುತ್ತದೆ. ಪ್ರಯೋಗಾಲಯದ ಬಗೆಯಲ್ಲಿ ಆಧಾರ ಬದಲಾಗುತ್ತದೆ. ಉದ್ದವನ್ನು ಕಾಯ್ದುಕೊಂಡು, ಯಾವ ದಿನದಿಂದ ಯಾವ ವ್ಯಾಖ್ಯೆ ಎಂಬುದನ್ನು ದಾಖಲಿಸಲಾಗುತ್ತದೆ. 1960ರ ಸೆಕೆಂಡನ್ನೂ 1967ರ ಸೆಕೆಂಡನ್ನೂ ಯಾರು ಬೇಕಾದರೂ ಬೇರ್ಪಡಿಸಿ ನೋಡಬಹುದು. ಜನಭಾಷೆಯ ಬಗೆಯಲ್ಲಿ ಹೆಸರು ಉಳಿದು ಉದ್ದವೇ ಬದಲಾಗುತ್ತದೆ, ದಾಖಲೆ ಇರುವುದಿಲ್ಲ. ನಿಮಿಷ, ಕ್ಷಣ, ಗಳಿಗೆ, ತಾಸುಗಳಿಗೆ ಆದದ್ದು ಇದೇ.

ಈ ಭೇದ ಜಾನಪದ ಮತ್ತು ಶಾಸನ ಪಠ್ಯಗಳ ಸಂಪಾದಕರಿಗೆ ನೇರವಾಗಿ ಸಂಬಂಧಿಸಿದ್ದು. ಹಳೆಯ ಪಠ್ಯದ ‘ಕ್ಷಣ’ವನ್ನು ಇಂದಿನ ಕ್ಷಣವೆಂದು, ‘ಜಾವ’ವನ್ನು ಎಲ್ಲ ಋತುಗಳಲ್ಲಿಯೂ ಮೂರು ತಾಸೆಂದು, ‘ನಡುಹಗಲ’ನ್ನು ಗಡಿಯಾರದ ಹನ್ನೆರಡೆಂದು ಅರ್ಥೈಸಿದರೆ ಪಠ್ಯ ಹೇಳದ ಮಾತನ್ನು ಅದರ ಬಾಯಲ್ಲಿ ಹಾಕಿದಂತಾಗುತ್ತದೆ. ಪದಕೋಶಗಳಲ್ಲಿ ಕಾಲವಾಚಕ ಪದಗಳಿಗೆ ಸಮಾನ ಅರ್ಥವನ್ನು ಕೊಟ್ಟರೆ ಸಾಲದು. ಅದರ ಆಧಾರ ಬಟ್ಟಲೋ ನೆರಳೋ ನಕ್ಷತ್ರವೋ ಕೆಲಸವೋ, ಯಾವ ಊರಿನ, ಯಾವ ತಲೆಮಾರಿನ ಬಳಕೆ ಎಂಬುದನ್ನೂ ನಮೂದಿಸಬೇಕು. ಹಾಡು ಕಥೆಗಳನ್ನು ಧ್ವನಿಮುದ್ರಿಸುವಾಗ ಗಡಿಯಾರದ ವೇಳೆಯೊಡನೆ, ಹಾಡುವವರು ಆ ವೇಳೆಗೆ ಕೊಡುವ ಹೆಸರನ್ನೂ ಬರೆದುಕೊಳ್ಳಬೇಕು.

ತಿಕೋಟಾ, ಬಬಲೇಶ್ವರ ಭಾಗಗಳಲ್ಲಿ ಈ ಕೆಲಸಕ್ಕೆ ಅವಸರವಿದೆ. ಬೀಸುವ ಕಲ್ಲು, ಎತ್ತಿನ ಬೇಸಾಯ, ಬುತ್ತಿ ಹೊರುವ ಕೆಲಸಗಳನ್ನು ಬಲ್ಲ ಹಿರಿಯರೇ ಆ ಹೊತ್ತುಗಳ ಹೆಸರನ್ನೂ ಅವುಗಳ ಉದ್ದವನ್ನೂ ಬಲ್ಲವರು. ಸೀಸಿಯಂ ಗಡಿಯಾರವನ್ನು ಬಿಟ್ಟುಕೊಡುವ ಮುನ್ನ ಅದನ್ನು ಹೊಸ ಗಡಿಯಾರಗಳ ಪಕ್ಕದಲ್ಲಿಟ್ಟು ವರ್ಷಗಟ್ಟಲೆ ತಾಳೆ ನೋಡಲಾಗುತ್ತಿದೆ. ಎರಡೂ ಮಾನಗಳು ಜೀವಂತವಾಗಿರುವ ಕಾಲದಲ್ಲಿ ಮಾತ್ರ ಅಂಥ ತಾಳೆ ಸಾಧ್ಯ. ಮಾರುದ್ದ ಏರಿದ ಹೊತ್ತು ಯಾವ ತಿಂಗಳಲ್ಲಿ ಗಡಿಯಾರದ ಎಷ್ಟು ಗಂಟೆ ಎಂಬುದನ್ನು ಊರೂರಿನಲ್ಲಿ ಕೇಳಿ, ಕೋಲು ನೆಟ್ಟು, ಅಳೆದು ದಾಖಲಿಸಲು ಈಗಲೂ ಅವಕಾಶವಿದೆ.